ಡಿಗ್ರಿ ಮುಗಿದು ವರ್ಷಗಳಾದ ಮೇಲೆ ಹಳೇ ಪ್ರೊಫೆಸರನ್ನು ಹುಡುಕಿ ಶಿಫಾರಸು ಪತ್ರ ಪಡೆಯುವುದು ಹೇಗೆ?

ಬಿಇ ಮುಗಿಸಿ ಕೆಲಸಕ್ಕೆ ಸೇರಿ ಐದಾರು ವರ್ಷ ಆದಮೇಲೆ ಹೊರದೇಶದಲ್ಲಿ ಎಂಎಸ್ (ಸ್ನಾತಕೋತ್ತರ ಪದವಿ) ಮಾಡೋಣ ಅನ್ನಿಸುವುದು ಮಾಮೂಲು. ಜಿಆರ್‌ಇ, ಐಇಎಲ್‌ಟಿಎಸ್ ಪರೀಕ್ಷೆಗಳು ಕೂತು ಓದಿದರೆ ಆಗುತ್ತವೆ. ಬ್ಯಾಂಕಿನ ಕಾಗದಪತ್ರ ಓಡಾಡಿದರೆ ಸಿಗುತ್ತವೆ. ಅರ್ಜಿಯಲ್ಲಿ ಒಂದು ಪುಟ ಮಾತ್ರ ನಮ್ಮ ಕೈಯಲ್ಲಿ ಇರುವುದಿಲ್ಲ. ನಿಮಗೆ ಪಾಠ ಮಾಡಿದವರ ಹೆಸರು, ಹುದ್ದೆ, ಇಮೇಲ್ ಕೊಡಿ, ನಾವು ಅವರನ್ನೇ ಕೇಳುತ್ತೇವೆ ಎನ್ನುವ ಪುಟ ಅದು. ಅಮೆರಿಕದ ಹೆಚ್ಚಿನ ವಿಶ್ವವಿದ್ಯಾಲಯಗಳು ಮೂರು ಶಿಫಾರಸು ಪತ್ರ ಕೇಳುತ್ತವೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಎರಡು. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೂ ಎರಡು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ಕೋರ್ಸುಗಳಿಗೆ ಬೇಕಾಗಿಯೇ ಇಲ್ಲ. ಹಾಗಾಗಿ ಹುಡುಕಾಟ ಶುರು ಮಾಡುವ ಮುಂಚೆ ನಿಮ್ಮ ಪಟ್ಟಿಯ ಪ್ರತಿ ಕೋರ್ಸಿಗೂ ಎಷ್ಟು ಪತ್ರ ಬೇಕು, ಅದರಲ್ಲಿ ಎಷ್ಟು ಅಧ್ಯಾಪಕರದ್ದೇ ಆಗಿರಬೇಕು ಅಂತ ನೋಡಿ ಬರೆದಿಟ್ಟುಕೊಳ್ಳಿ.

ನಾನು ಕೆಲವು ವರ್ಷ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಿದವನು. ಇಂಥ ಕೋರಿಕೆಗಳು ಬಂದಾಗ ಮೇಜಿನ ಆ ಕಡೆ ಕೂತವರಿಗೆ ಏನನ್ನಿಸುತ್ತದೆ ಅನ್ನುವುದು ಗೊತ್ತು. ಇಲ್ಲಿ ಹೇಳುವುದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಬಿಎಸ್ಸಿ, ಬಿಕಾಂ, ಬಿಎ ಓದಿದವರಿಗೂ ದಾರಿ ಹೆಚ್ಚುಕಡಿಮೆ ಇದೇ.

ಮೊದಲು ತೀರ್ಮಾನ ಮಾಡಿ: ಯಾರನ್ನು ಹುಡುಕಬೇಕು?

ಎಲ್ಲರೂ ಮೊದಲು ಯೋಚಿಸುವುದು ಎಚ್‌ಒಡಿ (ವಿಭಾಗದ ಮುಖ್ಯಸ್ಥರು), ಇಲ್ಲವೇ ಪ್ರಿನ್ಸಿಪಾಲರನ್ನು. ದೊಡ್ಡ ಹುದ್ದೆಯವರು ಬರೆದರೆ ಪತ್ರಕ್ಕೆ ತೂಕ ಜಾಸ್ತಿ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಪತ್ರ ಓದುವವರು ಹುಡುಕುವುದು ಬೇರೆಯದನ್ನೇ. ಈ ವಿದ್ಯಾರ್ಥಿ ಕೆಲಸ ಮಾಡುವುದನ್ನು ಬರೆದವರು ಕಣ್ಣಾರೆ ಕಂಡಿದ್ದಾರಾ? ಒಂದು ಲೆಕ್ಕ ತಪ್ಪಾದಾಗ, ಒಂದು ಪ್ರಯೋಗ ಕೈಕೊಟ್ಟಾಗ ಇವನು ಏನು ಮಾಡಿದ? ಪ್ರಿನ್ಸಿಪಾಲರಿಗೆ ಅದು ಗೊತ್ತಿರುವುದಿಲ್ಲ. ಅವರು ಬರೆಯುವುದು "ಶಿಸ್ತಿನ ವಿದ್ಯಾರ್ಥಿ, ಉತ್ತಮ ನಡತೆ, ಭವಿಷ್ಯ ಉಜ್ವಲವಾಗಿರಲಿ" ಎನ್ನುವ ಮೂರು ಸಾಲು. ಅದು ನಡತೆ ಪ್ರಮಾಣಪತ್ರ ಆಗುತ್ತದೆಯೇ ಹೊರತು ಶಿಫಾರಸು ಆಗುವುದಿಲ್ಲ.

ಹಾಗಾದರೆ ಯಾರು? ಮೊದಲ ಹೆಸರು ಫೈನಲ್ ಇಯರ್ ಪ್ರಾಜೆಕ್ಟ್ ಗೈಡ್. ಅವರು ಆಗ ಬರೀ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದರೂ ಪರವಾಗಿಲ್ಲ, ಪಿಎಚ್‌ಡಿ ಆಗಿರದಿದ್ದರೂ ಪರವಾಗಿಲ್ಲ. ಆಮೇಲೆ, ಸೆಮಿನಾರ್ ವಿಷಯ ತಿದ್ದಿಕೊಟ್ಟವರು. ಎರಡು ಮೂರು ಸೆಮಿಸ್ಟರ್ ಸತತವಾಗಿ ಪಾಠ ಮಾಡಿ, ಲ್ಯಾಬ್ ವೈವಾದಲ್ಲಿ ನಿಮ್ಮನ್ನು ಕೆದಕಿ ಪ್ರಶ್ನೆ ಕೇಳಿದವರು. ಬ್ಲೂ ಬುಕ್ (ಇಂಟರ್ನಲ್ ಪರೀಕ್ಷೆಯ ಉತ್ತರ ಪುಸ್ತಕ) ಕೊಡುವಾಗ "ಈ ಮೂರನೇ ಉತ್ತರ ಹೇಗೆ ಹೊಳೀತು?" ಅಂತ ಕೇಳಿದವರು ಯಾರಾದರೂ ಇದ್ದರೆ ಅವರು. ನೀವು ಈಗ ಅರ್ಜಿ ಹಾಕುತ್ತಿರುವ ವಿಷಯಕ್ಕೆ ಹತ್ತಿರದ ಪೇಪರ್ ಕಲಿಸಿದವರು ಸಿಕ್ಕರೆ ಇನ್ನೂ ಒಳ್ಳೆಯದು.

ಐದು ಹೆಸರು ಬರೆದಿಟ್ಟುಕೊಳ್ಳಿ. ಬೇಕಿರುವುದು ಎರಡೋ ಮೂರೋ ಇರಬಹುದು. ಆದರೆ ಒಬ್ಬರು ಸಿಗುವುದಿಲ್ಲ, ಇನ್ನೊಬ್ಬರಿಗೆ ಬಿಡುವಿರುವುದಿಲ್ಲ.

ಅಟ್ಟದ ಮೇಲಿನ ಪ್ರಾಜೆಕ್ಟ್ ರಿಪೋರ್ಟ್ ಇಳಿಸಿ

ಹುಡುಕಾಟ ಅಂತರ್ಜಾಲದಲ್ಲಿ ಶುರುವಾಗಬಾರದು, ಮನೆಯಲ್ಲಿ ಶುರುವಾಗಬೇಕು. ಎಷ್ಟೋ ಜನಕ್ಕೆ ತಮ್ಮ ಗೈಡ್ ಹೆಸರು ಪೂರ್ತಿ ಗೊತ್ತಿರುವುದಿಲ್ಲ. ನಾಲ್ಕು ವರ್ಷ "ಮಂಜುನಾಥ್ ಸರ್", "ಗೀತಾ ಮೇಡಂ" ಅಂತ ಕರೆದಿರುತ್ತೇವೆ ಅಷ್ಟೇ, ಅಲ್ವಾ? ಆ ಹೆಸರು ಹಾಕಿ ಹುಡುಕಿದರೆ ಸಾವಿರಾರು ಜನ ಸಿಗುತ್ತಾರೆ.

ಬೈಂಡ್ ಮಾಡಿಸಿದ ಪ್ರಾಜೆಕ್ಟ್ ರಿಪೋರ್ಟ್ ತೆಗೆದು ಸರ್ಟಿಫಿಕೇಟ್ ಪುಟ ನೋಡಿ. ಪ್ರಾಜೆಕ್ಟಿನ ಹೆಸರು, ನಿಮ್ಮ ತಂಡದವರ ಹೆಸರು, ಎಲ್ಲರ ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ), ಕೆಳಗೆ ಮೂರು ಸಹಿ: ಗೈಡ್, ಎಚ್‌ಒಡಿ, ಪ್ರಿನ್ಸಿಪಾಲ್. ಗೈಡ್ ಸಹಿಯ ಕೆಳಗೆ ಅವರ ಪೂರ್ತಿ ಹೆಸರು ಇನಿಷಿಯಲ್ ಸಮೇತ, ಆಗಿನ ಹುದ್ದೆ, ವಿಭಾಗ ಎಲ್ಲ ಅಚ್ಚಾಗಿರುತ್ತದೆ. ಇನ್ನೂ ಕೆಳಗೆ ವೈವಾ ದಿನ ಬಂದ ಪರೀಕ್ಷಕರ ಹೆಸರೂ ಇರುತ್ತದೆ. ಈ ಒಂದು ಪುಟವನ್ನು ಮೊಬೈಲಿನಲ್ಲಿ ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಹುಡುಕುವುದಕ್ಕೂ ಇದು ಬೇಕು, ಆಮೇಲೆ ಅವರಿಗೆ ನಿಮ್ಮ ನೆನಪು ಮಾಡಿಕೊಡಲಿಕ್ಕೂ ಬೇಕು.

ರಿಪೋರ್ಟ್ ಕಳೆದುಹೋಗಿದ್ದರೆ ತಂಡದ ಇನ್ನೊಬ್ಬರ ಮನೆಯಲ್ಲಿ ಒಂದು ಪ್ರತಿ ಇದ್ದೇ ಇರುತ್ತದೆ. ವಿಭಾಗದ ಲೈಬ್ರರಿಯಲ್ಲೂ ಹಳೇ ರಿಪೋರ್ಟುಗಳನ್ನು ಇಟ್ಟಿರುತ್ತಾರೆ. ನಿಮ್ಮ ಪ್ರಾಜೆಕ್ಟಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಯಲ್ಲಿ ಹಣ ಸಿಕ್ಕಿದ್ದರೆ, ಆ ಮಂಜೂರಾತಿಯ ಕಾಗದದಲ್ಲೂ ಗೈಡ್ ಹೆಸರು ಇರುತ್ತದೆ.

ಈಗ ಕಂಪ್ಯೂಟರ್ ಮುಂದೆ ಕೂರಿ

ಮೊದಲು ಕಾಲೇಜಿನ ವೆಬ್‌ಸೈಟಿನಲ್ಲಿ ಅಧ್ಯಾಪಕರ ಪುಟ. ಅಲ್ಲಿ ಇದ್ದರೆ ಕೆಲಸ ಅರ್ಧ ಮುಗಿಯಿತು. ಇಲ್ಲದಿದ್ದರೆ ಅವರು ಕಾಲೇಜು ಬಿಟ್ಟಿರಬಹುದು. ಆಗ ವೇಬ್ಯಾಕ್ ಮಷಿನ್ ಎನ್ನುವ ತಾಣಕ್ಕೆ ಹೋಗಿ. ಇಂಟರ್ನೆಟ್ ಆರ್ಕೈವ್ ಸಂಸ್ಥೆ ಹಳೆಯ ವೆಬ್ ಪುಟಗಳ ಪ್ರತಿಗಳನ್ನು ಅಲ್ಲಿ ಕಾಪಾಡಿಟ್ಟಿದೆ. ಕಾಲೇಜಿನ ವಿಳಾಸ ಹಾಕಿ ನೀವು ಓದಿದ ವರ್ಷ ಒತ್ತಿದರೆ, ಆಗಿನ ಅಧ್ಯಾಪಕರ ಪಟ್ಟಿ, ಪೂರ್ತಿ ಹೆಸರು, ಕೆಲವೊಮ್ಮೆ ಇಮೇಲ್ ಕೂಡ ಸಿಗುತ್ತದೆ. ಎಲ್ಲ ಪುಟವೂ ಉಳಿದಿರುವುದಿಲ್ಲ, ಆದರೂ ನೋಡುವುದಕ್ಕೆ ಎರಡು ನಿಮಿಷ ಸಾಕು. ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಮಾನ್ಯತೆ ಇರುವ ಕಾಲೇಜುಗಳು ಅಧ್ಯಾಪಕರ ವಿವರವನ್ನು ತಮ್ಮ ವೆಬ್‌ಸೈಟಿನಲ್ಲಿ ಕಡ್ಡಾಯವಾಗಿ ಹಾಕಬೇಕು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಸಲ್ಲಿಸಿದ ವರದಿಗಳಲ್ಲೂ ಅಧ್ಯಾಪಕರ ಪಟ್ಟಿ ಇರುತ್ತದೆ. ಈ ಪಿಡಿಎಫ್‌ಗಳನ್ನು ಯಾರೂ ತೆರೆದು ನೋಡುವುದಿಲ್ಲ. ಹುಡುಕುವವರಿಗೆ ಮಾತ್ರ ಇವು ಬಹಳ ಉಪಯೋಗ.

ಅವರು ಈಗ ಎಲ್ಲಿದ್ದಾರೆ ಅಂತ ತಿಳಿಯಲು ಅವರ ತೀರಾ ಇತ್ತೀಚಿನ ಸಂಶೋಧನಾ ಲೇಖನ ಹುಡುಕಿ. ಗೂಗಲ್ ಸ್ಕಾಲರಿನಲ್ಲಿ ಹೆಸರು ಹಾಕಿ, ದಿನಾಂಕದ ಪ್ರಕಾರ ಜೋಡಿಸಿ, ಮೇಲಿನ ಲೇಖನ ತೆರೆಯಿರಿ. ಹೆಸರಿನ ಕೆಳಗೆ ಈಗಿನ ಕಾಲೇಜು ಇರುತ್ತದೆ, ಎಷ್ಟೋ ಸಲ ಇಮೇಲ್ ಸಹ ಇರುತ್ತದೆ. ನಮ್ಮ ದೇಶದ ಅಧ್ಯಾಪಕರಿಗಾಗಿಯೇ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ವಿದ್ವಾನ್ ಎನ್ನುವ ತಾಣವಿದೆ. ಅದರಲ್ಲಿ ಹೆಸರು, ಸಂಸ್ಥೆ, ವಿಷಯ ಹಾಕಿ ಹುಡುಕಬಹುದು. ಅದೇ ಕೇಂದ್ರದ ಶೋಧಗಂಗಾದಲ್ಲಿ ಪಿಎಚ್‌ಡಿ ಪ್ರಬಂಧಗಳಿವೆ. ನಿಮಗೆ ಪಾಠ ಮಾಡುತ್ತಲೇ ಪಿಎಚ್‌ಡಿ ಮಾಡುತ್ತಿದ್ದ ಸರ್ ಈಗ ಮುಗಿಸಿರಬಹುದು. ಪ್ರಬಂಧದ ಮೊದಲ ಪುಟಗಳಲ್ಲಿ ಅವರ ಸಂಶೋಧನಾ ಕೇಂದ್ರ, ಮಾರ್ಗದರ್ಶಕರು ಎಲ್ಲ ಸಿಗುತ್ತಾರೆ. ಆ ಮಾರ್ಗದರ್ಶಕರಿಗೆ ಇವರು ಎಲ್ಲಿದ್ದಾರೆ ಅಂತ ಗೊತ್ತಿರುವ ಸಾಧ್ಯತೆ ಹೆಚ್ಚು. ಲಿಂಕ್ಡ್‌ಇನ್ ಬಗ್ಗೆ ಹೇಳಬೇಕಾಗಿಲ್ಲ, ಅದನ್ನು ನೀವೇ ಮೊದಲು ನೋಡಿರುತ್ತೀರಿ.

ನಮ್ಮ ಕಡೆಯ ಹೆಸರುಗಳಲ್ಲಿ ಒಂದು ತೊಡಕಿದೆ. ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಹತ್ತು ಥರ ಬರೆಯುತ್ತಾರೆ. ಮಂಜುನಾಥ ಅಂದರೆ ಕೊನೆಗೆ 'ಎ' ಇರಬಹುದು, ಇಲ್ಲದಿರಬಹುದು. ಲಕ್ಷ್ಮಿಗೆ 'ಕೆಎಸ್‌ಎಚ್' ಇರಬಹುದು, 'ಎಕ್ಸ್' ಇರಬಹುದು. ಸೌಮ್ಯಾಗೆ 'ಒಯು', ಇಲ್ಲವೇ 'ಒಡಬ್ಲ್ಯು'. ಗೀತಾಗೆ 'ಇ' ಎರಡು ಸಲ ಬರಬಹುದು, ಕೊನೆಗೆ 'ಎಚ್' ಸೇರಿರಬಹುದು. ಇನಿಷಿಯಲ್ ಮುಂದೆ ಇದ್ದದ್ದು ಹಿಂದೆ ಹೋಗಿರಬಹುದು. ಹೊರದೇಶದ ಪತ್ರಿಕೆಯಲ್ಲಿ ಬರೆಯುವಾಗ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಮಾಡಿಕೊಂಡವರೂ ಇದ್ದಾರೆ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಂಡ ಮೇಡಂಗಳೂ ಇರುತ್ತಾರೆ. ಹಾಗಾಗಿ ಹೆಸರೊಂದನ್ನೇ ನೆಚ್ಚಬೇಡಿ. ಹೆಸರಿನ ಜೊತೆ ಹಳೇ ಕಾಲೇಜು, ವಿಷಯ, ಅವರ ಪಿಎಚ್‌ಡಿ ವಿಷಯ ಸೇರಿಸಿ ಹುಡುಕಿ. ಅವರ ಜೊತೆ ಲೇಖನ ಬರೆದವರ ಹೆಸರಿನಿಂದಲೂ ಹುಡುಕಿ. ಸಿಕ್ಕಮೇಲೆ ಫೋಟೊ ನೋಡಿ ಖಚಿತ ಮಾಡಿಕೊಳ್ಳಿ. ಅದೇ ಹೆಸರಿನ ಬೇರೆ ಯಾರಿಗೋ ಇಮೇಲ್ ಹೋಗುವುದು ಬೇಡ.

ಜನರ ಮೂಲಕ ಹೋಗುವ ದಾರಿ

ಕಂಪ್ಯೂಟರಿನಲ್ಲಿ ಸಿಗದವರು ಕಾಲೇಜಿನ ಕಾರಿಡಾರಿನಲ್ಲಿ ಸಿಗುತ್ತಾರೆ. ಪ್ರೊಫೆಸರುಗಳು ಕಾಲೇಜು ಬದಲಾಯಿಸುತ್ತಾರೆ, ಎಚ್‌ಒಡಿಗಳು ಬದಲಾಗುತ್ತಾರೆ. ಬದಲಾಗದೆ ಉಳಿಯುವವರು ಲ್ಯಾಬ್ ಇನ್‌ಸ್ಟ್ರಕ್ಟರ್, ವಿಭಾಗದ ಅಟೆಂಡರ್, ಆಫೀಸಿನ ಕ್ಲರ್ಕು. ಯಾರು ಯಾವಾಗ ಬಿಟ್ಟರು, ಎಲ್ಲಿ ಸೇರಿದರು, ಯಾರು ಇನ್ನೂ ಯಾರ ಜೊತೆ ಮಾತಾಡುತ್ತಾರೆ, ಎಲ್ಲ ಇವರಿಗೆ ಗೊತ್ತು. ಊರಿಗೆ ಹೋದಾಗ ಒಂದು ಬೆಳಿಗ್ಗೆ ಕಾಲೇಜಿಗೆ ಹೋಗಿ ಬನ್ನಿ. ಸೆಮಿಸ್ಟರ್ ಪರೀಕ್ಷೆ ನಡೆಯುವ ದಿನ ಮಾತ್ರ ಬೇಡ.

ಸರ್ಕಾರಿ ಕಾಲೇಜಾದರೆ ವರ್ಗಾವಣೆ ಆಗಿರುತ್ತದೆ, ಯಾವ ಊರಿಗೆ ಅನ್ನುವುದು ಆಫೀಸಿನಲ್ಲಿ ತಿಳಿಯುತ್ತದೆ. ಅತಿಥಿ ಉಪನ್ಯಾಸಕರ ವಿಷಯ ಕಷ್ಟ. ಅವರ ನೇಮಕ ಆಯಾ ವರ್ಷಕ್ಕೆ ಮಾತ್ರ ಇರುವುದರಿಂದ ಕಾಲೇಜಿನ ಕಡತದಲ್ಲಿ ಈಗಿನ ವಿಳಾಸ ಇರುವುದಿಲ್ಲ. ಅವರ ಜೊತೆ ಸ್ಟಾಫ್ ರೂಮ್ ಹಂಚಿಕೊಂಡಿದ್ದ ಇನ್ನೊಬ್ಬ ಅಧ್ಯಾಪಕರನ್ನು ಹಿಡಿಯಬೇಕು. ನಿಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿ, ನಿಮ್ಮ ಹಿಂದಿನ ಮುಂದಿನ ಬ್ಯಾಚಿನವರನ್ನೂ ಕೇಳಿ. ಅದೇ ಗೈಡ್ ಹತ್ತಿರ ಪ್ರಾಜೆಕ್ಟ್ ಮಾಡಿದ ಜೂನಿಯರ್ ಬಳಿ ಹೊಸ ನಂಬರ್ ಇರುವುದು ಹೆಚ್ಚು.

ಇಲ್ಲಿ ಒಂದು ಮರ್ಯಾದೆ ಇದೆ. ಆಫೀಸಿನಲ್ಲಿ "ಅವರ ನಂಬರ್ ಕೊಡಿ" ಅಂತ ಕೇಳಬೇಡಿ. "ನನ್ನ ನಂಬರ್ ಅವರಿಗೆ ಕೊಡ್ತೀರಾ?" ಅಂತ ಕೇಳಿ. ಚೀಟಿಯಲ್ಲಿ ನಿಮ್ಮ ಹೆಸರು, ಬ್ಯಾಚು, ಯಾಕೆ ಹುಡುಕುತ್ತಿದ್ದೀರಿ ಅನ್ನುವುದನ್ನು ಎರಡು ಸಾಲಿನಲ್ಲಿ ಬರೆದು ಕೊಡಿ. ಸಾವಿರಾರು ಜನ ಇರುವ ಫೇಸ್‌ಬುಕ್ ಗುಂಪಿನಲ್ಲಿ "ಇಂಥ ಮೇಡಂ ನಂಬರ್ ಯಾರ ಹತ್ರ ಇದೆ?" ಅಂತ ಹಾಕುವುದು ಸರಿಯಲ್ಲ. ಮನೆ ವಿಳಾಸ ಸಿಕ್ಕಿತು ಅಂತ ಹೇಳದೆ ಕೇಳದೆ ಬಾಗಿಲು ತಟ್ಟುವುದೂ ಸರಿಯಲ್ಲ. ನಿವೃತ್ತರಾದವರ ವಿಷಯದಲ್ಲಂತೂ ಇದನ್ನು ಖಂಡಿತ ಪಾಲಿಸಿ.

"ನೆನಪಿದೆಯಾ ಸರ್?" ಅಂತ ಕೇಳಬೇಡಿ

ಸಂಪರ್ಕ ಸಿಕ್ಕಿತು. ಹೆಚ್ಚಿನವರು ಕಳಿಸುವ ಮೊದಲ ಸಂದೇಶ ಹೀಗಿರುತ್ತದೆ: "ಹಾಯ್ ಸರ್, ನೆನಪಿದೆಯಾ? ಎಲ್‌ಒಆರ್ (ಶಿಫಾರಸು ಪತ್ರ) ಬೇಕಿತ್ತು." ಒಂದು ಸೆಕ್ಷನ್ನಿನಲ್ಲಿ ಅರವತ್ತು ಜನ, ವರ್ಷಕ್ಕೆ ಎರಡು ಮೂರು ಸೆಕ್ಷನ್ನು. ಮೇಷ್ಟರ ನೆನಪಿನ ಪರೀಕ್ಷೆ ಮಾಡಿದರೆ ಅವರಿಗೆ ಮುಜುಗರ. ನೆನಪಿಲ್ಲ ಅನ್ನಲೂ ಆಗುವುದಿಲ್ಲ, ಇದೆ ಅನ್ನಲೂ ಆಗುವುದಿಲ್ಲ. ಉತ್ತರ ಬಾರದೆ ಹೋಗುವುದಕ್ಕೆ ಎಷ್ಟೋ ಸಲ ಇದೇ ಕಾರಣ, ದುರಹಂಕಾರ ಅಲ್ಲ.

ನೆನಪಾಗಲು ಬೇಕಾದ್ದನ್ನೆಲ್ಲ ಮೊದಲ ಸಂದೇಶದಲ್ಲೇ ಕೊಡಿ. ಉದಾಹರಣೆಗೆ ಹೀಗೆ:

"ನಮಸ್ಕಾರ ಮೇಡಂ. ನಾನು 2018ರಲ್ಲಿ ಸಿವಿಲ್ ಮುಗಿಸಿದ ಬ್ಯಾಚಿನವಳು, ಬಿ ಸೆಕ್ಷನ್. ಎಂಟನೇ ಸೆಮಿಸ್ಟರಿನಲ್ಲಿ ನೀವು ನಮ್ಮ ಪ್ರಾಜೆಕ್ಟ್ ಗೈಡ್ ಆಗಿದ್ದಿರಿ. ಹಾರುಬೂದಿ ಬೆರೆಸಿದ ಕಾಂಕ್ರೀಟಿನ ಮೇಲೆ ನಾವು ನಾಲ್ವರು ಕೆಲಸ ಮಾಡಿದ್ದೆವು. ನಿಮ್ಮ ವಿಳಾಸ ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಮೂಲಕ ಸಿಕ್ಕಿತು. ಈ ವರ್ಷ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಎಂಎಸ್‌ಗೆ ಅರ್ಜಿ ಹಾಕುತ್ತಿದ್ದೇನೆ. ನನ್ನ ಕೆಲಸವನ್ನು ಹತ್ತಿರದಿಂದ ನೋಡಿದವರು ನೀವು. ಒಳ್ಳೆಯ ಪತ್ರ ಬರೆಯಬಹುದು ಅಂತ ನಿಮಗೆ ಅನ್ನಿಸಿದರೆ, ಸಮಯವೂ ಇದ್ದರೆ, ನನಗೆ ತುಂಬಾ ಸಹಾಯ ಆಗುತ್ತದೆ. ಆಗದಿದ್ದರೆ ಸಂಕೋಚ ಇಲ್ಲದೆ ಹೇಳಿ ಮೇಡಂ. ಕೊನೆಯ ದಿನಾಂಕ ಡಿಸೆಂಬರ್ 15. ನಿಮಗೆ ಅನುಕೂಲವಾದಾಗ ಫೋನ್ ಮಾಡಿ ಮಾತಾಡಲೇ? ಸರ್ಟಿಫಿಕೇಟ್ ಪುಟ ಮತ್ತು ಆಗಿನ ಫೋಟೊ ಜೊತೆಗಿಟ್ಟಿದ್ದೇನೆ."

ಇದರಲ್ಲಿ "ಆಗದಿದ್ದರೆ ಹೇಳಿ" ಎನ್ನುವ ಸಾಲು ಬಹಳ ಮುಖ್ಯ. ಒಲ್ಲದ ಮನಸ್ಸಿನಿಂದ ಬರೆದ ತಣ್ಣನೆ ಪತ್ರ ನಿಮಗೆ ಕೆಡುಕನ್ನೇ ಮಾಡುತ್ತದೆ. ಅವರು ಬಿಡಿಸಿಕೊಳ್ಳಲು ದಾರಿ ನೀವೇ ಕೊಟ್ಟುಬಿಡಿ. ಅವರು ತಪ್ಪಿಸಿಕೊಂಡರೆ ಬೇಸರ ಪಡದೆ ಪಟ್ಟಿಯ ಮುಂದಿನ ಹೆಸರಿಗೆ ಹೋಗಿ.

ಇಮೇಲ್ ಇಂಗ್ಲಿಷಿನಲ್ಲಿ ಇರಲಿ, ಆದರೆ ಅವರ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದವರು ವಾಟ್ಸಾಪಿನಲ್ಲಿ ಕನ್ನಡದಲ್ಲೇ ಬರೆಯಿರಿ. ಒಂದು ವಾರ ಉತ್ತರ ಬರದಿದ್ದರೆ ಒಂದೇ ಒಂದು ನೆನಪೋಲೆ. ಇನ್ನೊಂದು ವಾರ ಬಿಟ್ಟು ಒಂದು ಫೋನು, ಅದೂ ಸಂಜೆ ಹೊತ್ತು. ಆಮೇಲೂ ಉತ್ತರ ಇಲ್ಲದಿದ್ದರೆ ಅಲ್ಲಿಗೆ ಬಿಡಿ.

ನನಗೆ ಗೊತ್ತಿರುವ ಒಬ್ಬ ಹುಡುಗಿ, ಸಿವಿಲ್ ಓದಿದವಳು, ಹೀಗೇ ತನ್ನ ಗೈಡನ್ನು ಹುಡುಕಿದಳು. ಮೇಡಂ ಬೇರೆ ಜಿಲ್ಲೆಯ ಕಾಲೇಜಿಗೆ ಹೋಗಿದ್ದರು. ಫೋನಿನಲ್ಲಿ ಹೆಸರು ಹೇಳಿದಳು, ಬ್ಯಾಚು ಹೇಳಿದಳು. ಮೇಡಂ "ಹ್ಞೂಂ, ಹೇಳಮ್ಮಾ" ಅಂದರು, ಆದರೆ ನೆನಪಾಗಿಲ್ಲ ಅನ್ನುವುದು ದನಿಯಲ್ಲೇ ಗೊತ್ತಾಯಿತು. ಆಗ ಅವಳು ಕಾಂಕ್ರೀಟ್ ಕ್ಯೂಬಿನ ಕಥೆ ತೆಗೆದಳು. 28 ದಿನ ನೀರಿನಲ್ಲಿಟ್ಟ ಮೂರು ಕ್ಯೂಬುಗಳನ್ನು ಮಷಿನ್ನಿನಲ್ಲಿ ಒಡೆದು ನೋಡಿದಾಗ ಒಂದರ ಬಲ ಉಳಿದೆರಡಕ್ಕಿಂತ ಬಹಳ ಕಡಿಮೆ ಬಂದಿತ್ತು. ಅದನ್ನು ಬಿಟ್ಟು ಎರಡರ ಸರಾಸರಿ ಬರೆದುಬಿಡೋಣ ಅಂತ ತಂಡದವರು ಹೇಳಿದ್ದರು. ಇವಳು ಒಪ್ಪದೆ ಮತ್ತೆ ಮೂರು ಕ್ಯೂಬು ಹಾಕಿ, ಮತ್ತೆ 28 ದಿನ ಕಾದಿದ್ದಳು. ಅಷ್ಟು ಹೇಳುವಷ್ಟರಲ್ಲಿ ಮೇಡಂ, "ಅಯ್ಯೋ, ನೀನಾ! ರಿಪೋರ್ಟ್ ಕೊಡೋ ದಿನ ಹತ್ರ ಬಂದ್ರೂ ಕ್ಯೂಬ್ ಹಾಕ್ತೀನಿ ಅಂತ ಹಟ ಹಿಡಿದವಳು!" ಅಂದರು. ಅವಳ ಪತ್ರಕ್ಕೆ ಬೇಕಾದ ವಸ್ತು ಅಲ್ಲೇ ಸಿಕ್ಕಿತು. ಮಾರ್ಕ್ಸ್ ಕಾರ್ಡಿನಲ್ಲಿ ಈ ಗುಣ ಎಲ್ಲೂ ಕಾಣುವುದಿಲ್ಲ. ಇದನ್ನು ಬರೆಯಬಲ್ಲವರು ಆ ಮೇಡಂ ಒಬ್ಬರೇ.

ಅವರಿಗೆ ಏನೇನು ಕಳಿಸಬೇಕು

ಒಪ್ಪಿಕೊಂಡರು ಅಂದ ತಕ್ಷಣ ಒಂದು ಫೋಲ್ಡರ್ ಮಾಡಿ ಕಳಿಸಿ. ಯುಎಸ್‌ಎನ್, ಬ್ಯಾಚು, ಸೆಕ್ಷನ್. ಅವರು ನಿಮಗೆ ಕಲಿಸಿದ ವಿಷಯಗಳು, ಯಾವ ಸೆಮಿಸ್ಟರು, ನಿಮಗೆ ಬಂದ ಅಂಕ. ಪ್ರಾಜೆಕ್ಟಿನ ಸಾರಾಂಶ ಮತ್ತು ಅದರಲ್ಲಿ ನಿಮ್ಮ ಪಾಲಿನ ಕೆಲಸ ಯಾವುದು ಅನ್ನುವುದು. ನಾಲ್ವರ ತಂಡದಲ್ಲಿ ಯಾರು ಏನು ಮಾಡಿದರು ಅಂತ ಗೈಡಿಗೆ ಈಗ ನೆನಪಿರುವುದಿಲ್ಲ. ಆಗಿನ ಫೋಟೊ ಒಂದು, ಈಗಿನದ್ದಲ್ಲ. ಪ್ರಾಜೆಕ್ಟ್ ಎಕ್ಸಿಬಿಷನ್ನಿನಲ್ಲಿ ಅವರ ಜೊತೆ ತೆಗೆಸಿಕೊಂಡದ್ದಾದರೆ ಬಹಳ ಒಳ್ಳೆಯದು, ಮೇಷ್ಟರಿಗೆ ಹೆಸರಿಗಿಂತ ಮುಖ ಬೇಗ ಹೊಳೆಯುತ್ತದೆ. ರೆಸ್ಯೂಮೆ, ಎಸ್‌ಒಪಿಯ (ಈ ಕೋರ್ಸು ಯಾಕೆ ಬೇಕು ಅಂತ ನೀವು ಅರ್ಜಿಗೆ ಬರೆಯುವ ಪ್ರಬಂಧ) ಕರಡು, ಮಾರ್ಕ್ಸ್ ಕಾರ್ಡುಗಳು. ಡಿಗ್ರಿ ಆದಮೇಲೆ ಇಷ್ಟು ವರ್ಷ ಏನು ಮಾಡಿದಿರಿ ಅನ್ನುವುದು ಅರ್ಧ ಪುಟ.

ಇದರ ಜೊತೆ ಎರಡು ಮೂರು ಘಟನೆಗಳನ್ನು ಬರೆದುಕೊಡಿ, ಆ ಕ್ಯೂಬಿನ ಕಥೆಯ ಥರದ್ದು. ಹೊಗಳಿಕೆ ಬೇಡ. ಏನು ನಡೆಯಿತು ಅಷ್ಟೇ ಬರೆಯಿರಿ, ತೀರ್ಮಾನ ಅವರಿಗೆ ಬಿಡಿ.

ಒಂದು ಪಟ್ಟಿಯೂ ಬೇಕು: ವಿಶ್ವವಿದ್ಯಾಲಯ, ಕೋರ್ಸು, ಕೊನೆಯ ದಿನಾಂಕ, ಭಾರತದ ಸಮಯದಲ್ಲಿ. ಇದರಲ್ಲಿ ಬಹಳ ಜನ ಎಡವುತ್ತಾರೆ. ಅಮೆರಿಕದ ಪೂರ್ವ ಭಾಗದಲ್ಲಿ ಡಿಸೆಂಬರ್ 15ರ ರಾತ್ರಿ 11.59 ಅಂದರೆ ನಮಗೆ 16ರ ಬೆಳಿಗ್ಗೆ 10.29. ಅದೇ ಸಂಜೆ 5 ಗಂಟೆ ಅಂತಿದ್ದರೆ ನಮಗೆ 16ರ ನಸುಕು 3.30. ಅಂದರೆ 15ರ ರಾತ್ರಿ ಮಲಗುವ ಮುಂಚೆಯೇ ಮುಗಿದಿರಬೇಕು. ಸುಮ್ನೆ ಯಾಕೆ ತಲೆನೋವು, ಅವರಿಗೆ ಕೊಡುವ ಪಟ್ಟಿಯಲ್ಲಿ ಐದು ದಿನ ಮುಂಚಿನ ದಿನಾಂಕ ಕೇಳಿಕೊಳ್ಳಿ. ನಿಜವಾದ ದಿನಾಂಕವನ್ನೂ ಪಕ್ಕದಲ್ಲಿ ಬರೆಯಿರಿ, ಮುಚ್ಚಿಡಬೇಡಿ.

ಎಂಟು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರೆ ಅವರಿಗೆ ಎಂಟು ಲಿಂಕ್ ಬರುತ್ತವೆ, ಎಂಟು ಫಾರ್ಮ್ ತುಂಬಬೇಕು. ಕೆಲವು ಕಾಲೇಜುಗಳಲ್ಲಿ ಒಬ್ಬ ವಿದ್ಯಾರ್ಥಿಗೆ ಇಷ್ಟೇ ಪತ್ರ ಅಂತ ಮಿತಿಯೂ ಇದೆ. ಪಟ್ಟಿ ಚಿಕ್ಕದಾಗಿದ್ದಷ್ಟೂ ಒಳ್ಳೆಯದು.

"ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ" ಅಂದರೆ?

ಇದು ನಮ್ಮಲ್ಲಿ ತುಂಬಾ ನಡೆಯುವ ಸಂಗತಿ, ಮತ್ತು ಮೇಷ್ಟರು ಕೆಟ್ಟವರು ಅಂತಲ್ಲ. ಕ್ಲಾಸು, ಇಂಟರ್ನಲ್ಸು, ವ್ಯಾಲ್ಯುಯೇಷನ್ನು, ನ್ಯಾಕ್ ಕಡತ, ಇಷ್ಟರ ಮಧ್ಯೆ ಇಂಗ್ಲಿಷಿನಲ್ಲಿ ಎರಡು ಪುಟ ಬರೆಯಲು ಕೂರುವುದು ಅವರಿಗೆ ನಿಜವಾಗಿಯೂ ಕಷ್ಟ. ಆದರೆ ನೀವೇ ಬರೆದ ಪತ್ರ ನಿಮಗೆ ಒಳ್ಳೆಯದು ಮಾಡುವುದಿಲ್ಲ. ಮೂರು ಪತ್ರವೂ ನೀವೇ ಬರೆದರೆ ಮೂರಕ್ಕೂ ಒಂದೇ ದನಿ ಬರುತ್ತದೆ, ನಿಮ್ಮ ಎಸ್‌ಒಪಿಯ ಪದಗಳೇ ಮತ್ತೆ ಮತ್ತೆ ಬರುತ್ತವೆ. ಸಾಲು ಸಾಲು ಅರ್ಜಿ ಓದುವವರಿಗೆ ಅದು ಕಾಣದೆ ಇರುವುದಿಲ್ಲ. ಅಲ್ಲದೆ ಎಷ್ಟೋ ವಿಶ್ವವಿದ್ಯಾಲಯಗಳು ಪತ್ರ ಬೇರೆಯವರೇ ಬರೆದದ್ದಾಗಿರಬೇಕು ಅಂತ ಸ್ಪಷ್ಟವಾಗಿ ಕೇಳುತ್ತವೆ.

ಹೀಗೆ ಹೇಳಿ ನೋಡಿ: "ಸರ್, ಬೇಕಾದ ವಿವರ ಎಲ್ಲ ಒಂದು ಪುಟದಲ್ಲಿ ಟಿಪ್ಪಣಿ ಮಾಡಿ ಕೊಡ್ತೀನಿ. ಅಭಿಪ್ರಾಯ ಮಾತ್ರ ನಿಮ್ಮ ಮಾತಲ್ಲೇ ಇರಲಿ ಸರ್, ಅರ್ಧ ಪುಟ ಆದ್ರೂ ಸಾಕು." ಹೆಚ್ಚಿನವರು ಇದಕ್ಕೆ ಒಪ್ಪುತ್ತಾರೆ. ಟೈಪ್ ಮಾಡುವುದೇ ತೊಂದರೆ ಆಗಿದ್ದರೆ ಮೊಬೈಲಿನಲ್ಲಿ ಮಾತಾಡಿ ಅಕ್ಷರ ಮಾಡಿಕೊಳ್ಳುವ ಸೌಲಭ್ಯವನ್ನು ತೋರಿಸಿಕೊಡಿ. ಅಮೆರಿಕದವರ ಥರದ ಇಂಗ್ಲಿಷ್ ಅಲ್ಲದಿದ್ದರೂ, ವ್ಯಾಕರಣ ಸ್ವಲ್ಪ ಅತ್ತಿತ್ತ ಆದರೂ ಚಿಂತೆ ಬೇಡ. ನಿಮ್ಮನ್ನು ಬಲ್ಲವರ ಸರಳ ಪತ್ರಕ್ಕೆ ಬೆಲೆ ಇದೆ.

ಇನ್ನೊಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ಪ್ರೊಫೆಸರ ಹೆಸರಿನಲ್ಲಿ ತಾವೇ ಒಂದು ಜಿಮೇಲ್ ತೆರೆದು, ಲಿಂಕ್ ಅದಕ್ಕೇ ತರಿಸಿಕೊಂಡು, ಪತ್ರ ತಾವೇ ಏರಿಸುವವರಿದ್ದಾರೆ. ಹಾಗೆ ಮಾಡಿಕೊಡುತ್ತೇವೆ ಎನ್ನುವ ಏಜೆಂಟರೂ ಇದ್ದಾರೆ. ಇದು ಮೋಸ. ಅರ್ಜಿ ತಿರಸ್ಕಾರ ಆಗಬಹುದು, ಸೀಟು ಸಿಕ್ಕಮೇಲೂ ರದ್ದಾಗಬಹುದು. ಅದಕ್ಕಿಂತ ಹೆಚ್ಚಾಗಿ, ನಿಮಗೆ ಪಾಠ ಹೇಳಿದವರ ಹೆಸರಿಗೆ ಮಸಿ ಬಳಿದಂತೆ. ಗುರುಗಳು ಸಿಗಲಿಲ್ಲ ಅನ್ನುವುದು ಇದಕ್ಕೆ ನೆಪ ಆಗಬಾರದು.

ಪೋರ್ಟಲಿನ ಕೆಲಸ

ಅರ್ಜಿಯಲ್ಲಿ ಅವರ ಇಮೇಲ್ ಹಾಕಿದಾಗ ವಿಶ್ವವಿದ್ಯಾಲಯದಿಂದ ಅವರಿಗೆ ಲಿಂಕ್ ಹೋಗುತ್ತದೆ. ಹಾಕುವ ದಿನವೇ ಅವರಿಗೆ ಮೆಸೇಜ್ ಮಾಡಿ, ಸ್ಪ್ಯಾಮ್ ಫೋಲ್ಡರ್ ಕೂಡ ನೋಡಲು ಹೇಳಿ. ಫಾರ್ಮಿನಲ್ಲಿ ಪತ್ರದ ಜೊತೆ ಕೆಲವು ಪ್ರಶ್ನೆಗಳಿರುತ್ತವೆ. ಎಷ್ಟು ಕಾಲದಿಂದ ಗೊತ್ತು, ಯಾವ ಸಂಬಂಧದಲ್ಲಿ ಗೊತ್ತು, ತಾವು ಕಲಿಸಿದವರಲ್ಲಿ ಈ ವಿದ್ಯಾರ್ಥಿ ನೂರಕ್ಕೆ ಮೊದಲ ಐದರಲ್ಲಿ ಬರುತ್ತಾನಾ, ಹತ್ತರಲ್ಲಿ ಬರುತ್ತಾನಾ, ಹೀಗೆ. ಮೊದಲ ಸಲ ತುಂಬುವವರಿಗೆ ಇದು ಗೊಂದಲ. ಮುಂಚೆಯೇ ತಿಳಿಸಿ.

ಅಮೆರಿಕದ ಅರ್ಜಿಗಳಲ್ಲಿ, ಈ ಪತ್ರವನ್ನು ನೋಡುವ ನಿಮ್ಮ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂಬ ಪ್ರಶ್ನೆ ಬರುತ್ತದೆ. 1974ರ ಅಲ್ಲಿನ ಒಂದು ಕಾನೂನು ವಿದ್ಯಾರ್ಥಿಗಳಿಗೆ ತಮ್ಮ ದಾಖಲೆ ನೋಡುವ ಹಕ್ಕು ಕೊಟ್ಟಿದೆ, ಅದಕ್ಕಾಗಿ ಈ ಪ್ರಶ್ನೆ. ಬಿಟ್ಟುಕೊಡುತ್ತೇನೆ ಅನ್ನಿ. ವಿದ್ಯಾರ್ಥಿ ನೋಡುವುದಿಲ್ಲ ಎಂದಾದರೆ ಬರೆದವರು ಮನಸ್ಸು ಬಿಚ್ಚಿ ಬರೆದಿರುತ್ತಾರೆ ಅನ್ನುವ ನಂಬಿಕೆ ಓದುವವರಿಗೆ ಬರುತ್ತದೆ. ಹಾಗೆ ಅಂದಮೇಲೆ "ಸರ್, ಒಂದ್ಸಲ ತೋರಿಸ್ತೀರಾ?" ಅಂತ ಕೇಳಬೇಡಿ.

ಇಮೇಲ್ ವಿಷಯದಲ್ಲಿ ನಮ್ಮವರಿಗೆ ನಿಜವಾದ ತೊಂದರೆ ಇದೆ. ಕಾಲೇಜಿನ ಅಧಿಕೃತ ಇಮೇಲ್ ಬೇಕು ಅಂತ ಕೆಲವು ವಿಶ್ವವಿದ್ಯಾಲಯಗಳು ಕೇಳುತ್ತವೆ. ನಮ್ಮಲ್ಲಿ ಎಷ್ಟೋ ಅಧ್ಯಾಪಕರು ಜಿಮೇಲ್ ಮಾತ್ರ ಬಳಸುತ್ತಾರೆ. ಕಾಲೇಜಿನಿಂದ ಇಮೇಲ್ ಇದ್ದೂ ತೆರೆದು ನೋಡದವರು ಇದ್ದಾರೆ, ಪಾಸ್‌ವರ್ಡ್ ಮರೆತವರಿದ್ದಾರೆ. ಮೊದಲೇ ಕೇಳಿ, ಕಾಲೇಜಿನ ಸಿಸ್ಟಂ ನೋಡಿಕೊಳ್ಳುವವರಿಂದ ಸರಿ ಮಾಡಿಸಿಕೊಳ್ಳಲು ಸಮಯ ಕೊಡಿ. ಅಧಿಕೃತ ವಿಳಾಸ ಇಲ್ಲವೇ ಇಲ್ಲ ಅಂದರೆ ಪತ್ರ ಲೆಟರ್‌ಹೆಡ್ಡಿನಲ್ಲಿ ಇರಲಿ, ಕಾಲೇಜಿನ ವೆಬ್‌ಸೈಟಿನಲ್ಲಿ ಅವರ ಹೆಸರಿರುವ ಪುಟದ ವಿಳಾಸವನ್ನು ಪತ್ರದಲ್ಲೇ ಸೇರಿಸಲಿ. ನೀವು ಆ ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ಮುಂಚೆಯೇ ಬರೆದು ಪರಿಸ್ಥಿತಿ ತಿಳಿಸಿ.

ನಿವೃತ್ತರು ಬರೆಯಬಹುದಾ? ಖಂಡಿತ. ಹುದ್ದೆಯ ಜಾಗದಲ್ಲಿ ನಿವೃತ್ತ ಪ್ರಾಧ್ಯಾಪಕರು ಅಂತಲೇ ಬರೆದು, ನಿಮಗೆ ಕಲಿಸಿದ ಕಾಲೇಜು ಮತ್ತು ವರ್ಷ ಸೇರಿಸಿದರೆ ಆಯಿತು. ಕಾಲೇಜು ಬಿಟ್ಟು ಕಂಪನಿಗೆ ಸೇರಿದವರು ಈಗಿನ ಹುದ್ದೆಯನ್ನು ಬರೆದು, ನಿಮ್ಮನ್ನು ಅಧ್ಯಾಪಕರಾಗಿ ಬಲ್ಲೆ ಎನ್ನುವುದನ್ನು ಮೊದಲ ಸಾಲಿನಲ್ಲೇ ಹೇಳಲಿ.

ಯಾರೂ ಸಿಗದೇ ಹೋದರೆ

ಕೆಲವೊಮ್ಮೆ ಹುಡುಕುತ್ತಾ ಹೋದಾಗ ಅವರು ತೀರಿಕೊಂಡಿದ್ದಾರೆ ಅಂತ ತಿಳಿಯುತ್ತದೆ. ಆಗ ಮನೆಯವರಿಗೆ ಒಂದು ಮಾತು ಹೇಳಿ, ಪತ್ರದ ವಿಷಯ ಎತ್ತಬೇಡಿ. ಆಮೇಲೆ, ವೈವಾದಲ್ಲಿ ಇದ್ದ ವಿಭಾಗದ ಇನ್ನೊಬ್ಬ ಪರೀಕ್ಷಕರು, ಪ್ರಾಜೆಕ್ಟ್ ಕೋಆರ್ಡಿನೇಟರ್, ಸೆಮಿನಾರ್ ನೋಡಿದವರು, ಇವರಲ್ಲಿ ಯಾರಾದರೂ ಆಗುತ್ತಾರಾ ಅಂತ ನೋಡಿ. ನಿಮ್ಮ ರಿಪೋರ್ಟ್ ಕೊಟ್ಟು, ಓದಿ, ಒಂದಷ್ಟು ಹೊತ್ತು ಪ್ರಶ್ನೆ ಕೇಳಿ ಅಂತ ಕೋರಿಕೊಳ್ಳಿ. ಆ ಮಾತುಕತೆಯ ಆಧಾರದ ಮೇಲೆ ಪ್ರಾಮಾಣಿಕವಾಗಿ ಬರೆಯಬಹುದು.

ಕೆಲಸದ ಅನುಭವ ಇರುವವರು ಮೂರರಲ್ಲಿ ಒಂದನ್ನು ಮ್ಯಾನೇಜರಿಂದ ಬರೆಸಿದರೆ ಅನೇಕ ಕೋರ್ಸುಗಳಲ್ಲಿ ಒಪ್ಪುತ್ತಾರೆ. ಸಂಶೋಧನೆ ಹೆಚ್ಚಿರುವ ಕೋರ್ಸುಗಳಿಗೆ ಅಧ್ಯಾಪಕರ ಪತ್ರವೇ ಬೇಕು. ಸಂದೇಹ ಇದ್ದರೆ ಪ್ರವೇಶ ವಿಭಾಗಕ್ಕೆ ನೇರವಾಗಿ ಇಮೇಲ್ ಮಾಡಿ ಕೇಳಿ, ಉತ್ತರ ಕೊಡುತ್ತಾರೆ. ಇನ್ನೂ ಒಂದು ವರ್ಷ ಸಮಯ ಇರುವವರು ತಮ್ಮ ವಿಷಯದ ಯಾವುದಾದರೂ ಅಧ್ಯಾಪಕರ ಜೊತೆ ಚಿಕ್ಕದೊಂದು ಸಂಶೋಧನಾ ಕೆಲಸಕ್ಕೆ ಕೈಹಾಕಬಹುದು.

ಯಾವಾಗ ಶುರು ಮಾಡಬೇಕು

ಡಿಸೆಂಬರ್ ಕೊನೆಯ ದಿನಾಂಕ ಇದ್ದರೆ ಆಗಸ್ಟಿನಲ್ಲಿ ಹುಡುಕಾಟ, ಗಣೇಶನ ಹಬ್ಬದ ಹೊತ್ತಿಗೆ ಮೊದಲ ಸಂದೇಶ, ದಸರಾ ರಜೆಯೊಳಗೆ ಎಲ್ಲ ಕಾಗದ ಅವರ ಕೈಯಲ್ಲಿ. ದಸರಾ ರಜೆಯಲ್ಲಿ ಅಧ್ಯಾಪಕರಿಗೆ ಸ್ವಲ್ಪ ಉಸಿರಾಡಲು ಸಿಗುತ್ತದೆ. ಡಿಸೆಂಬರ್ ಬಂತೆಂದರೆ ಇಂಟರ್ನಲ್ಸ್, ಪ್ರಾಕ್ಟಿಕಲ್ಸ್ ಗಲಾಟೆ ಶುರು, ಆಗ ಕೇಳಿದರೆ ಕಷ್ಟ. ಕೊನೆಯ ದಿನಕ್ಕೆ ಎರಡು ವಾರ ಇರುವಾಗ ಒಂದು ನೆನಪೋಲೆ, ಮೂರು ದಿನ ಇರುವಾಗ ಒಂದು ಫೋನು. ಪತ್ರ ಏರಿತಾ ಇಲ್ಲವಾ ಅನ್ನುವುದು ನಿಮ್ಮ ಅರ್ಜಿಯ ಪುಟದಲ್ಲೇ ಕಾಣುತ್ತದೆ, ಅದನ್ನು ನೋಡಿಕೊಂಡೇ ಫೋನ್ ಮಾಡಿ. ಒಂದು ಪತ್ರ ಒಂದೆರಡು ದಿನ ತಡವಾದರೆ ಕೆಲವು ವಿಶ್ವವಿದ್ಯಾಲಯಗಳು ಸ್ವೀಕರಿಸುತ್ತವೆ, ಕೆಲವು ಇಲ್ಲ. ಅದನ್ನು ಮುಂಚೆಯೇ ಕೇಳಿಟ್ಟುಕೊಳ್ಳಿ. ನಿಮ್ಮ ಅರ್ಜಿಯನ್ನಂತೂ ಪತ್ರಕ್ಕಾಗಿ ಕಾಯದೆ ಸಮಯಕ್ಕೆ ಸಲ್ಲಿಸಿ.

ಪತ್ರ ಏರಿಸಿದ ದಿನವೇ ಫೋನ್ ಮಾಡಿ ಧನ್ಯವಾದ ಹೇಳಿ. ಉಡುಗೊರೆ, ಹಣ ಬೇಡ. ಪತ್ರದ ಒಂದು ಪ್ರತಿಯನ್ನು ತಮ್ಮ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಲು ಕೇಳಿಕೊಳ್ಳಿ. ಈ ವರ್ಷ ಸೀಟು ಸಿಗದೆ, ಅಥವಾ ವೀಸಾ ಆಗದೆ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕಾದರೆ ಅವರು ಮೊದಲಿಂದ ಬರೆಯಬೇಕಾಗುವುದಿಲ್ಲ. ಫಲಿತಾಂಶ ಮಾರ್ಚ್, ಏಪ್ರಿಲ್ ಹೊತ್ತಿಗೆ ಬರುತ್ತದೆ. ಸಿಕ್ಕರೂ ಸಿಗದಿದ್ದರೂ ಅವರಿಗೆ ತಿಳಿಸಿ, ಯಾವ ಯಾವ ವಿಶ್ವವಿದ್ಯಾಲಯದಿಂದ ಏನು ಬಂತು ಅಂತ ಹೆಸರು ಹೇಳಿ ತಿಳಿಸಿ. ಮುಂದಿನ ವಿದ್ಯಾರ್ಥಿ ಅವರ ಬಳಿ ಬಂದಾಗ ಅದು ಅವರಿಗೆ ಉಪಯೋಗಕ್ಕೆ ಬರುತ್ತದೆ.